ಇಂಜಿನ್ ನಿಂತ ಮೇಲೆ

“ನಾನೇನು ಕರುವೇನಯ್ಯ, ಹಗ್ಗ ಹಾಕಿಸ್ಕೊಳ್ಳೋಕೆ?” ಎಂದು ಯಜಮಾನರು ಕೈಯನ್ನು ಬೆನ್ನ ಹಿಂದೆ ಅಡಗಿಸಿಕೊಂಡರು.

ಬಾಡಿಗೆ ದೋಣಿಯವನ ಕೈಯಲ್ಲಿ ಕೆಂಪು ಬಣ್ಣದ ಸುರುಳಿ ದಾರವಿತ್ತು. ಹಳೇ ಟೆಲಿಫೋನಿನ ರಿಸೀವರಿಗೆ ಇರುತ್ತಿತ್ತಲ್ಲ, ಅಂಥದ್ದೇ. ಒಂದು ತುದಿಯ ಕೊಂಡಿಯನ್ನು ಅವನಾಗಲೇ ಇಂಜಿನ್ನಿನ ಗುಂಡಿಯ ಕೆಳಗೆ ಸಿಕ್ಕಿಸಿದ್ದ. “ಇದು ಇಲ್ಲಿರೋ ತನಕ ಇಂಜಿನ್ ಓಡುತ್ತೆ ಸಾರ್. ಕಿತ್ತು ಬಂತೋ, ಆಫ್. ಈ ತುದಿ ಓಡಿಸೋರ ಕೈಗೆ. ನೀವು ಆಯ ತಪ್ಪಿ ನೀರಿಗೆ ಬಿದ್ರೆ ದಾರಾನೂ ನಿಮ್ಮ ಜೊತೆ ಬರುತ್ತೆ. ದೋಣಿ ನಿಮ್ಮ ಮೇಲೆ ಬರಲ್ಲ.”

“ಬಿದ್ರೆ ತಾನೇ?”

“ಬೀಳ್ತೀನಿ ಅಂತ ಹೇಳಿ ಯಾರೂ ಬೀಳಲ್ಲ ಸಾರ್.”

ಅಷ್ಟರಲ್ಲಿ ಕಟ್ಟೆಯ ಆ ಕೊನೆಯಿಂದ ಯಾರೋ ತಮ್ಮ ದೋಣಿ ಸ್ಟಾರ್ಟೇ ಆಗುತ್ತಿಲ್ಲವೆಂದು ಕೂಗಿದರು. ದೋಣಿಯವನು ದಾರವನ್ನು ಯಜಮಾನರ ತೊಡೆಯ ಮೇಲೆ ಹಾಕಿ, “ಹಾಕ್ಕೊಂಡೇ ಹೊರಡಿ” ಎಂದು ಹೇಳಿ ಅತ್ತ ಓಡಿದ. ಯಜಮಾನರು ಅದನ್ನು ಎತ್ತಿ ಪಕ್ಕಕ್ಕಿಟ್ಟರು. ಎದುರಿನ ಹಲಗೆಯ ಮೇಲೆ ಕೂತಿದ್ದ ಅವರ ಹೆಂಡತಿ ಅದನ್ನು ತೆಗೆದುಕೊಂಡು ತಮ್ಮ ಮಣಿಕಟ್ಟಿಗೇ ಹಾಕಿಕೊಂಡರು.

ಹಾಗೆ ಮಾಡುವಾಗ ಅವರೇನೂ ಯೋಚಿಸಿರಲಿಲ್ಲ. ಊರಿಗೆಲ್ಲ ಮೇಡಂ ಎಂದೇ ಗೊತ್ತಿದ್ದ ಅವರು ಹೆಂಗಸರಿಗೆ ಕಾರು ಓಡಿಸಲು ಕಲಿಸುತ್ತಿದ್ದರು. ಅವರ ಕಾರಿನಲ್ಲಿ ಪಕ್ಕದ ಸೀಟಿನವರ ಕಾಲ ಬಳಿಯೂ ಒಂದು ಬ್ರೇಕಿತ್ತು. ಕಲಿಯುವವರು ಗಾಬರಿಯಾದಾಗಲೆಲ್ಲ ಕಾರು ನಿಲ್ಲುತ್ತಿದ್ದದ್ದು ಮೇಡಂ ಕಾಲಿನಿಂದ. ಓಡಿಸುವವರು ಒಬ್ಬರು, ನಿಲ್ಲಿಸುವವರು ಇನ್ನೊಬ್ಬರು. ಕೂದಲು ನರೆಯುವಷ್ಟು ಕಾಲ ಅವರು ಲೋಕವನ್ನು ಕಂಡದ್ದೇ ಹೀಗೆ. ಯಜಮಾನರಂತೂ, ನನ್ನ ಸಂಸಾರದಲ್ಲೂ ಅದೇ ಏರ್ಪಾಡು ಎಂದು ನೆಂಟರಿಷ್ಟರ ಮುಂದೆಲ್ಲ ಹೇಳಿಕೊಂಡು ನಗುತ್ತಿದ್ದರು.

ಆದರೆ ಆ ಕಾರು ಈಗ ಒಂದು ತಿಂಗಳಿಂದ ಮನೆಯ ಮುಂದೆ ಮುಸುಕು ಹಾಕಿಕೊಂಡು ನಿಂತಿತ್ತು. ಮನೆಯಲ್ಲೇ ಕೇಕು ಮಾಡಿ ಮಾರುವ ಒಬ್ಬಾಕೆ ಕಲಿಯಲು ಬರುತ್ತಿದ್ದಳು. ಸ್ವಂತ ವಾಹನವಿದ್ದರೆ ದೊಡ್ಡ ಕೇಕುಗಳನ್ನು ಮುರಿಯದಂತೆ ತಲುಪಿಸಬಹುದೆಂಬುದು ಅವಳ ಆಸೆ. ಒಂದು ಬೆಳಿಗ್ಗೆ ತಿರುವಿನಲ್ಲಿ ಅವಳು ಬ್ರೇಕ್ ಎಂದುಕೊಂಡು ಆಕ್ಸಿಲರೇಟರ್ ಒತ್ತಿದಳು. ಮೇಡಂ ಕಾಲೂ ಕೆಳಗಿಳಿಯಿತು. ಆದರೆ ಕಾರಿನ ಮೂತಿ ಗೋಡೆಗೆ ಬಡಿದ ಮೇಲೆ. ಯಾರಿಗೂ ಏನೂ ಆಗಲಿಲ್ಲ. ಬಂಪರು ಒಡೆಯಿತು, ಗೋಡೆಯ ಗಾರೆ ಉದುರಿತು, ಕೇಕಿನವಳು ಬಿಕ್ಕಿ ಬಿಕ್ಕಿ ಅತ್ತಳು. ಮೇಡಂ ಮಾತ್ರ ಆ ಗೋಡೆಗೆ ಒರಗಿ ಕೂತು ದಣಿವಾರಿಸಿಕೊಳ್ಳುತ್ತಿದ್ದ ಮುದುಕನೊಬ್ಬ ಆಗತಾನೇ ಎದ್ದು ಹೋದದ್ದನ್ನು ಕಂಡಿದ್ದರು. ಅವನ ಬೆನ್ನು ಇನ್ನೂ ರಸ್ತೆಯಲ್ಲಿ ಕಾಣುತ್ತಿತ್ತು.

ಅವತ್ತು ಮನೆಗೆ ಬಂದವರೇ, “ನನ್ನ ಕಾಲು ತಡ ಆಯ್ತು ರೀ. ಇನ್ನು ಸಾಕು” ಎಂದರು. ರಿಪೇರಿಯಾಗಿ ಬಂದ ಕಾರಿಗೆ ಮುಸುಕು ಹಾಕಿದವರು ಅದನ್ನು ಮತ್ತೆ ತೆಗೆಯಲೇ ಇಲ್ಲ. ಕೇಕಿನವಳ ಫೋನು ಬಂದಾಗಲೆಲ್ಲ ಅದು ಬಡಿದುಕೊಂಡು ಸುಮ್ಮನಾಗುವವರೆಗೆ ನೋಡುತ್ತ ಕೂರುತ್ತಿದ್ದರು. ಯಜಮಾನರಿಗೆ ಕನ್ನಡಕದ ಅಂಗಡಿ. ಗಿರಾಕಿಗಳನ್ನು ನಗಿಸಿ ನಗಿಸಿ ಕನ್ನಡಕ ಮಾರುವುದರಲ್ಲಿ ಎತ್ತಿದ ಕೈ. ಹೆಂಡತಿಯನ್ನು ನಗಿಸಲು ಮಾತ್ರ ಅವರಿಂದ ಆಗಲಿಲ್ಲ. ಕೊನೆಗೆ ಅಂಗಡಿಗೆ ಬೀಗ ಹಾಕಿ, ಒಂದು ದಿನ ಎಲ್ಲ ಮರೆತು ತಿರುಗಾಡಿ ಬರೋಣವೆಂದು ತಮ್ಮ ಕಾರಿನಲ್ಲಿ ಈ ಕೆರೆಗೆ ಕರೆದುಕೊಂಡು ಬಂದಿದ್ದರು. ಮೇಡಂ ಬಂದದ್ದು ಅವರ ಮನಸ್ಸು ನೋಯಿಸಬಾರದೆಂದು ಅಷ್ಟೇ.

ದೋಣಿ ಚೆನ್ನಾಗಿಯೇ ಓಡಿತು. ಯಜಮಾನರು ಹಿಂದೆ ಕೂತು ಇಂಜಿನ್ನಿನ ಹಿಡಿಯನ್ನು ಅತ್ತಿತ್ತ ತಳ್ಳುತ್ತ, ಹುಟ್ಟಿದಾಗಿನಿಂದ ಇದೇ ಕೆಲಸ ಮಾಡಿಕೊಂಡು ಬಂದವರ ಹಾಗೆ ಜಂಬ ಪಡುತ್ತಿದ್ದರು. ನೀರಿನ ಮೇಲೆ ಬಿಸಿಲು ಹರಡಿಕೊಂಡಿತ್ತು. ದಡದ ಮರಗಳು ದೂರ ಸರಿದು ಗಿಡಗಳಷ್ಟಾದವು. ನಡು ಕೆರೆಗೆ ಬಂದಾಗ ಯಜಮಾನರಿಗೆ ಹುರುಪು ಹೆಚ್ಚಿ ಜೇಬಿನಿಂದ ಫೋನು ತೆಗೆದರು.

“ಎಲ್ಲಿ, ಸ್ವಲ್ಪ ನಗು. ನಿನ್ನ ಹಲ್ಲು ನೋಡಿ ಒಂದು ತಿಂಗಳಾಯ್ತು.”

“ಕಣ್ಣು ನೋಡೋದು ನಿಮ್ಮ ಕೆಲಸ. ಹಲ್ಲಿನ ವಿಚಾರಕ್ಕೆ ಬರಬೇಡಿ.”

“ಆಹಾ, ಬಾಯಿ ಬಂತು. ಇನ್ನು ನಗೂನೂ ಬರುತ್ತೆ, ತಡಿ.”

“ಕೂತ್ಕೊಂಡೇ ತೆಗೀರಿ ರೀ.”

ಯಜಮಾನರು ಕೂರಲಿಲ್ಲ. ಒಂದು ಕೈಯಲ್ಲಿ ಹಿಡಿ, ಇನ್ನೊಂದರಲ್ಲಿ ಫೋನು, ಅರ್ಧ ಎದ್ದರು. ಮತ್ತೊಂದು ದೋಣಿ ಹೋದ ಕಡೆಯಿಂದ ಬಂದ ಅಲೆ ಇವರ ದೋಣಿಯನ್ನು ಕೆಳಗಿನಿಂದ ಒಮ್ಮೆ ಎತ್ತಿ ಬಿಟ್ಟಿತು. ಯಜಮಾನರು ಹಿಂದಕ್ಕೆ ವಾಲಿದರು, ಗಾಳಿಯನ್ನು ಹಿಡಿಯಲು ನೋಡಿದರು, ಹಾಗೇ ಮಗುಚಿಕೊಂಡು ನೀರಿಗೆ ಬಿದ್ದರು. ಹಿಡಿಯುವವರಿಲ್ಲದ ಇಂಜಿನ್ನು ಒಂದು ಪಕ್ಕಕ್ಕೆ ಹೊರಳಿಕೊಂಡಿತು. ದೋಣಿ ಗಿರ್ರನೆ ತಿರುಗಿತು. ಅದರ ಮೂತಿ ಸುತ್ತು ಹಾಕಿಕೊಂಡು ಯಜಮಾನರ ತಲೆ ಎದ್ದಿದ್ದ ಕಡೆಗೇ ಬರತೊಡಗಿತು.

ಮೇಡಂ ಕೂಗಲಿಲ್ಲ. ಕೂಗಬೇಕೆಂದು ಹೊಳೆಯುವ ಮೊದಲೇ ಅವರ ಕೈ ಹಿಂದಕ್ಕೆ ಹಾರಿತ್ತು. ದಾರ ಉದ್ದವಾಗಿ, ಬಿಗಿಯಾಗಿ, ಕೊಂಡಿ ಟಕ್ಕನೆ ಕಳಚಿ ಬಂದು ಅವರ ಮೊಣಕೈಗೆ ಬಡಿಯಿತು.

ಇಂಜಿನ್ ನಿಂತಿತು.

ಅಷ್ಟು ದೊಡ್ಡ ಕೆರೆ ಒಮ್ಮೆಲೇ ಸುಮ್ಮನಾಯಿತು. ದೋಣಿ ಇದ್ದ ಓಟದಲ್ಲೇ ಇನ್ನಷ್ಟು ದೂರ ಜಾರಿ, ನಿಧಾನವಾಗಿ ಹೊರಳಿ, ಹಿಂಬದಿ ಯಜಮಾನರ ಭುಜಕ್ಕೆ ತಾಗಿ ನಿಂತಿತು. ಯಜಮಾನರು ಕೆಮ್ಮುತ್ತ, ನೀರು ಉಗುಳುತ್ತ, ದೋಣಿಯ ಅಂಚಿನ ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ತೊಟ್ಟಿದ್ದ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ಟು ಅವರ ಕಿವಿಯವರೆಗೂ ಉಬ್ಬಿಕೊಂಡಿತ್ತು. ಫೋನು ಮೀನುಗಳ ಪಾಲಾಗಿತ್ತು.

ಮೇಡಂ ಮಂಡಿಯೂರಿ ಅವರ ಜಾಕೆಟ್ಟನ್ನು ಹಿಡಿದು ಎಳೆದರು. ದೋಣಿ ವಾಲಿತೇ ಹೊರತು ಯಜಮಾನರು ಮೇಲೆ ಬರಲಿಲ್ಲ.

“ಬೇಡ, ಬಿಡು. ನೀನೂ ಬಿದ್ದುಬಿಡ್ತೀಯ. ನಾನು ಹೀಗೇ ಇರ್ತೀನಿ,” ಎಂದರು ಯಜಮಾನರು. ಆಮೇಲೆ, “ಇಂಜಿನ್ ಹಾಕಬೇಡ” ಎಂದರು.

“ಹಾಕಲ್ಲ.”

“ಹಾಕಬೇಡ, ಆಯ್ತಾ?”

“ಹಾಕಲ್ಲ ಅಂದ್ನಲ್ಲ ರೀ.”

ನೀರಿನೊಳಗೆ ಯಜಮಾನರ ಕಾಲು ಆಡುತ್ತಿತ್ತು. ಮುಖ ಬಿಳಿಚಿಕೊಂಡಿತು. “ಕಾಲಿಗೆ ಏನೋ ತಗುಲ್ತು,” ಎಂದರು ಮೆಲ್ಲಗೆ. “ಇಂಜಿನ್ನಿನ ಫ್ಯಾನು ಕಣೇ. ನಿಂತಿದೆ.”

ಮೇಡಂ ಜಾಕೆಟ್ಟನ್ನು ಇನ್ನಷ್ಟು ಬಿಗಿಯಾಗಿ ಹಿಡಿದರು. ಅಂಗಡಿಗೆ ಬಂದವರಿಗೆ, ಚಿಲ್ಲರೆ ಕೊಟ್ಟವರಿಗೆ, ದಾರಿ ಬಿಟ್ಟವರಿಗೆ ದಿನಕ್ಕೆ ನೂರು ಸಲ ಹೇಳುತ್ತಿದ್ದ ಮಾತನ್ನು ಹೆಂಡತಿಗೆ ಯಜಮಾನರು ಎಂದೂ ಹೇಳಿದ್ದಿಲ್ಲ. ಮನೆಯವರಿಗೆ ಅದೆಲ್ಲ ಯಾಕೆ ಎಂಬುದು ಅವರ ವಾದ. ಈಗ ಕಣ್ಣಿಗೆ ಇಳಿಯುತ್ತಿದ್ದ ನೀರನ್ನು ಭುಜಕ್ಕೆ ಒರೆಸಿಕೊಂಡು, “ಥ್ಯಾಂಕ್ಸ್ ಕಣೇ” ಎಂದರು.

“ನನ್ನ ಕೈ ತಡ ಆಗ್ಲಿಲ್ಲ ರೀ,” ಎಂದರು ಮೇಡಂ.

“ಇಲ್ಲ. ಎಲ್ಲಾಯ್ತು ತಡ? ಆಗಿದ್ರೆ ನಾನೆಲ್ಲಿರ್ತಿದ್ದೆ?”

ಅಷ್ಟು ಸಾಕಾಯಿತು. ಒಂದು ತಿಂಗಳಿಂದ ಕಟ್ಟಿಕೊಂಡಿದ್ದ ಅಳು ಒಡೆದು ಬಂತು. ಮೇಡಂ ದೋಣಿಯ ಅಂಚಿಗೆ ಹಣೆ ಊರಿಕೊಂಡು ಅತ್ತರು. ಯಜಮಾನರು ಒಂದು ಕೈ ಬಿಟ್ಟು ಒದ್ದೆ ಬೆರಳುಗಳಿಂದ ಅವರ ತಲೆ ಸವರಿದರು.

“ನೀವು ಬಿದ್ದದ್ದೇ ಒಳ್ಳೇದಾಯ್ತು,” ಎಂದರು ಮೇಡಂ ಅಳುತ್ತಲೇ.

“ಹಾಗಾದ್ರೆ ವಾರಕ್ಕೊಂದು ಸಲ ಬೀಳ್ತೀನಿ ಬಿಡು.”

ಮೇಡಂ ನಕ್ಕರು. ಫೋಟೋ ತೆಗೆಯುವವರು ನೀರಿನಲ್ಲಿದ್ದರು, ಫೋನು ಅದಕ್ಕೂ ಕೆಳಗಿತ್ತು.

ಇಂಜಿನ್ನಿನ ಸದ್ದು ನಿಂತದ್ದನ್ನು ದಡದಿಂದಲೇ ಗಮನಿಸಿದ್ದ ದೋಣಿಯವನು ಇನ್ನೊಂದು ದೋಣಿ ತಂದು ಯಜಮಾನರನ್ನು ಮೇಲೆತ್ತಿಕೊಂಡ. ಕಟ್ಟೆಗೆ ಬಂದ ಮೇಲೆ ಅವರಿಗೊಂದು ಟವೆಲು, ಇಬ್ಬರಿಗೂ ಬಿಸಿ ಬಿಸಿ ಚಹಾ ಕೊಟ್ಟ. ಅವನ ಕಣ್ಣು ಮೇಡಂ ಮಣಿಕಟ್ಟಿನ ಮೇಲೆ ಬಿದ್ದದ್ದು ಆಗಲೇ. ದಾರ ಇನ್ನೂ ಅಲ್ಲಿಯೇ ಇತ್ತು.

“ಇದು ನಿಮ್ಮ ಕೈಯಲ್ಲಿ ಯಾಕಿದೆ ಅಮ್ಮಾ?”

“ಅವರು ಹಾಕ್ಕೊಳ್ಳಲಿಲ್ಲ. ನಾನು ಹಾಕ್ಕೊಂಡೆ. ಬಿದ್ದ ತಕ್ಷಣ ಎಳೆದುಬಿಟ್ಟೆ,” ಎಂದರು ಮೇಡಂ. ದನಿಯಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು.

ದೋಣಿಯವನು ಪಕ್ಕದ ಕಲ್ಲಿನ ಮೇಲೆ ಕುಸಿದು ಕೂತ. “ನೀವು ಗಾಬರಿಯಾಗಿ ಕೂತುಬಿಟ್ಟಿದ್ರೆ? ದೋಣಿ ತಿರುಗಿದ ರಭಸಕ್ಕೆ ಮುಗ್ಗರಿಸಿ ತಲೆಗೆ ಪೆಟ್ಟಾಗಿದ್ರೆ? ಅವರ ಕೈಗೆ ಇದ್ದಿದ್ರೆ ಅವರು ಬೀಳೋದೇ ಸಾಕಿತ್ತಮ್ಮಾ. ಯಾರೂ ಏನೂ ಮಾಡಬೇಕಾಗಿರ್ಲಿಲ್ಲ. ನಿಮ್ಮ ಪುಣ್ಯ, ನಿಮ್ಮ ಕೈ ಓಡಿತು.” ಅವರ ಮಣಿಕಟ್ಟಿನಿಂದ ದಾರ ಬಿಚ್ಚಿಕೊಂಡ. “ತಪ್ಪು ನಂದೂ ಇದೆ. ನಿಂತು ಕಟ್ಟಿಸಿ ಕಳಿಸಬೇಕಿತ್ತು. ಆ ಗಲಾಟೆಯಲ್ಲಿ ಹೋಗ್ಬಿಟ್ಟೆ.”

ಮೇಡಂ ಚಹಾದ ಲೋಟ ಹಿಡಿದುಕೊಂಡು ಕೂತರು. ಮೊದಲು ಮುಖ ಸಣ್ಣದಾಯಿತು. ಇಷ್ಟು ದಿನದ ಮೇಲೆ ಸಿಕ್ಕ ಒಂದು ಸಮಾಧಾನವನ್ನೂ ಈ ಮಹಾರಾಯ ಕಿತ್ತುಕೊಂಡನಲ್ಲ ಎನ್ನಿಸಿತು. ಆದರೆ, ಯಾರೂ ಏನೂ ಮಾಡಬೇಕಾಗಿರಲಿಲ್ಲ ಎಂಬ ಮಾತು ಒಳಗೆ ಕೂತು ತಿರುಗುತ್ತಲೇ ಇತ್ತು. ಕಲಿಯಲು ಬಂದವರ ಜೀವ, ರಸ್ತೆಯಲ್ಲಿ ಹೋಗುವವರ ಜೀವ, ಎಲ್ಲವನ್ನೂ ಅವರು ತಮ್ಮ ಒಂದು ಪಾದದ ಮೇಲೆ ಹೊತ್ತುಕೊಂಡು ಬಂದಿದ್ದರು. ಆ ಕೇಕಿನವಳು ಅಗಲವಾದ, ಸಡಿಲ ಚಪ್ಪಲಿ ಹಾಕಿಕೊಂಡು ಬರುತ್ತಿದ್ದಳು, ಕಂಡೂ ಸುಮ್ಮನಿದ್ದರು. ಇನ್ನೂ ಬಯಲಿನಲ್ಲೇ ತಿರುಗಿಸಬೇಕಾದವಳನ್ನು ಅವಳ ಅವಸರಕ್ಕೆ ಸೋತು ಬೀದಿಗೆ ಇಳಿಸಿದ್ದರು. ಕಾಲು ಹೇಗೂ ಇದೆಯಲ್ಲ ಎಂಬ ಧೈರ್ಯ. ಆ ಧೈರ್ಯ ಇಷ್ಟು ಭಾರವಿತ್ತೆಂದು ಅವರಿಗೆ ಗೊತ್ತಾದದ್ದು ಅದನ್ನು ಇಳಿಸಲು ಒಂದು ಜಾಗ ಕಂಡಾಗಲೇ. ಕೈ ಓಡಿದ್ದಕ್ಕೆ ಅವರು ಋಣಿಯಾಗಿದ್ದರು. ಕೈ ಓಡದೆಯೂ ನಿಲ್ಲಿಸುವ ಉಪಾಯವನ್ನು ಕಂಡುಹಿಡಿದ ಪುಣ್ಯಾತ್ಮ ಎಲ್ಲಿದ್ದಾನೋ, ಅವನಿಗೂ ಮನಸ್ಸಿನಲ್ಲೇ ಕೈ ಮುಗಿದರು.

“ನಿಮ್ಮ ಬಾಡಿಗೆ ಹೊತ್ತು ಇನ್ನೂ ಮುಗಿದಿಲ್ಲ,” ಎಂದ ದೋಣಿಯವನು, ಬೇಕೋ ಬೇಡವೋ ಎಂಬಂತೆ.

ಯಜಮಾನರು ಟವೆಲು ಹೊದ್ದುಕೊಂಡೇ ಎದ್ದು ಕೈ ಚಾಚಿದರು. “ಕಟ್ಟಪ್ಪ. ಗಟ್ಟಿಯಾಗಿ ಕಟ್ಟು.” ಹೊಸ ಗಡಿಯಾರ ಕಟ್ಟಿಸಿಕೊಂಡವರ ಹಾಗೆ ಮಣಿಕಟ್ಟನ್ನು ತಿರುಗಿಸಿ ನೋಡಿಕೊಂಡರು. ದೋಣಿ ಹತ್ತಿ, ತಾವೇ ದಾರವನ್ನು ಜಗ್ಗಿ ಇಂಜಿನ್ನನ್ನು ಒಮ್ಮೆ ನಿಲ್ಲಿಸಿ ಪರೀಕ್ಷೆ ಮಾಡಿದರು. ಆಮೇಲೆ ದಡದ ಗುಂಟ ಒಂದು ಸುತ್ತು, ಅಜ್ಜಿಯನ್ನು ಕೈ ಹಿಡಿದು ನಡೆಸುವಷ್ಟು ನಿಧಾನವಾಗಿ ಹೋಗಿ ಬಂದರು.

ಮನೆಗೆ ಹೊರಟಾಗ ದಾರಿಯಲ್ಲೇ ಮೇಡಂ ತಮ್ಮ ಫೋನು ತೆಗೆದರು. ಆ ಕಡೆ ಕೇಕಿನವಳು ಒಂದೇ ರಿಂಗಿಗೆ ಎತ್ತಿದಳು.

“ಮೇಡಂ? ನೀವೇನಾ? ನನ್ನ ಮೇಲೆ ಸಿಟ್ಟಾಗಿದ್ದೀರಿ ಅಂತ…”

“ಸಿಟ್ಟೆಲ್ಲಿ ಬಂತು? ಫೋನ್ ಎತ್ತದೆ ಇದ್ದದ್ದು ನನ್ನ ತಪ್ಪು. ನಾಳೆ ಬೆಳಿಗ್ಗೆ ಬಾ. ಬೀದಿಗೆ ಬೇಡ, ಹಳೇ ಗೋಡೌನಿನ ಹಿಂದೆ ಬಯಲಿದೆಯಲ್ಲ, ಅಲ್ಲಿಗೆ. ಆ ಚಪ್ಪಲಿ ಬೇಡ, ಶೂ ಹಾಕ್ಕೊಂಡು ಬಾ.”

“ಭಯ ಆಗುತ್ತೆ ಮೇಡಂ.”

“ನಂಗೂ ಆಗುತ್ತೆ. ಬಾ.”

ಸ್ಟೀರಿಂಗ್ ಹಿಡಿದಿದ್ದ ಯಜಮಾನರು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. ಅವರ ಬಟ್ಟೆಯಿಂದ ಸೀಟಿನ ಮೇಲೆ ನೀರು ಇನ್ನೂ ಇಳಿಯುತ್ತಿತ್ತು.

ಮರುದಿನ ಬೆಳಿಗ್ಗೆ ಕೇಕಿನವಳು ಮಗನ ಕ್ಯಾನ್ವಾಸ್ ಶೂ ಹಾಕಿಕೊಂಡು, ಕೈಯಲ್ಲಿ ಒಂದು ಡಬ್ಬಿ ಕೇಕು ಹಿಡಿದುಕೊಂಡು ಬಂದಳು. ಬಯಲಿನಲ್ಲಿ ನಾಯಿಯೂ ಇರಲಿಲ್ಲ. ಅವಳು ಸೀಟು ಸರಿಮಾಡಿಕೊಂಡು, ಬೆಲ್ಟು ಹಾಕಿಕೊಂಡು, ಕಾರನ್ನು ಸ್ಟಾರ್ಟ್ ಮಾಡಿದಳು. ಕ್ಲಚ್ಚು ಬಿಟ್ಟಳು. ಕಾರು ಒಮ್ಮೆ ಜಿಗಿದು, ನಡುಗಿ, ನಿಂತುಹೋಯಿತು. ಮತ್ತೆ ಸ್ಟಾರ್ಟ್ ಮಾಡಿದಳು. ಮತ್ತೆ ನಿಂತಿತು. ಹಿಂದೆಲ್ಲ ಹೀಗಾದಾಗ ಮೇಡಂ ಲೊಚಗುಟ್ಟುತ್ತಿದ್ದರು; ಅದು ಅವರ ಕೈಯಲ್ಲಿ ಕಲಿತವರಿಗೆಲ್ಲ ಗೊತ್ತು.

ಮೂರನೇ ಸಲವೂ ನಿಂತಾಗ ಕೇಕಿನವಳು ಸ್ಟೀರಿಂಗ್ ಮೇಲೆ ತಲೆ ಬಗ್ಗಿಸಿದಳು. “ಸಾರಿ ಮೇಡಂ. ಮತ್ತೆ ಆಫ್ ಆಯ್ತು.”

“ಆಗ್ಲಿ ಬಿಡು,” ಎಂದರು ಮೇಡಂ. “ನಿಂತಿತಲ್ಲ. ಅದೇ ದೊಡ್ಡದು.”

ಅವಳು ತಲೆಯೆತ್ತಿ ಮೇಡಂ ಮುಖ ನೋಡಿದಳು, ತಮಾಷೆ ಮಾಡುತ್ತಿದ್ದಾರೋ ಎಂದು. ಮೇಡಂ ಮಡಿಲಲ್ಲಿದ್ದ ಡಬ್ಬಿಯ ಮುಚ್ಚಳ ತೆಗೆದು, ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡು, ಗೋಡೌನಿನ ತಗಡಿನ ಮೇಲೆ ಏರುತ್ತಿದ್ದ ಬಿಸಿಲನ್ನು ನೋಡುತ್ತ ಕೂತಿದ್ದರು. ಅವಸರವೇನೂ ಇರಲಿಲ್ಲ. ಕೇಕಿನವಳು ಬೆವರಿದ ಅಂಗೈಯನ್ನು ಬಟ್ಟೆಗೆ ಒರೆಸಿಕೊಂಡು ಮತ್ತೆ ಕೀಲಿ ತಿರುಗಿಸಿದಳು.