ನಲವತ್ತು ನಿಮಿಷದ ನಗು

ನಮ್ಮ ಯಜಮಾನರ ಅಳಿಯ ಮೂರು ದಿನದ ತರಬೇತಿ ಮುಗಿಸಿ ಬಂದ ಮೇಲೆಯೇ ನಮಗೆ ಗೊತ್ತಾಗಿದ್ದು, ಇಷ್ಟು ವರ್ಷ ನಾವೆಲ್ಲ ಸಮಯ ಕದಿಯುತ್ತಿದ್ದೆವು ಎಂದು. ಅಲ್ಲಿಯವರೆಗೆ ನಾವು ಹಲ್ಲು ಮಾಡುತ್ತಿದ್ದೇವೆ ಎಂದುಕೊಂಡಿದ್ದೆವು.

ಹೌದು, ಹಲ್ಲು. ದಂತವೈದ್ಯರು ಬೊಚ್ಚುಬಾಯಿಯ ಅಳತೆ ತೆಗೆದು ಪ್ಲಾಸ್ಟರಿನ ಅಚ್ಚು ಕಳಿಸುತ್ತಾರೆ. ನಾವು ಒಂಬತ್ತು ಜನ ಅದರ ಮೇಲೆ ಮೇಣ ಹಾಸಿ, ಒಂದೊಂದೇ ಹಲ್ಲು ಕೂರಿಸಿ, ಕೊನೆಗೆ ಗುಲಾಬಿ ಬಣ್ಣದ ವಸಡು ಕಟ್ಟಿ ಕೊಡುತ್ತೇವೆ. ಪ್ರತಿ ಸೆಟ್ಟಿನ ಜೊತೆ ಒಂದು ಚೀಟಿ ಹೋಗುತ್ತದೆ. ಅದರಲ್ಲಿ ಮಾಡಿದವರ ಹೆಸರಿರಬೇಕು ಎಂಬುದು ಹಳೆಯ ಯಜಮಾನರ ಕಟ್ಟಪ್ಪಣೆ. ಅವರೀಗ ಮನೆಯಲ್ಲಿ ವಿಶ್ರಾಂತಿಯಲ್ಲಿದ್ದಾರೆ, ಅಳಿಯ ನಮ್ಮ ತಲೆಯ ಮೇಲಿದ್ದಾನೆ.

ಕೊರಳಿಗೆ ಸ್ಟಾಪ್‌ವಾಚ್ ನೇತುಹಾಕಿಕೊಂಡು ಬಂದ ದಿನವೇ ಅವನಿಗೆ ನಿಮಿಷರಾಯ ಎಂದು ನಾಮಕರಣವಾಯಿತು. ಸಮಯ ಉಳಿಸುವುದು ಹೇಗೆ ಎಂದು ತಿಳಿಸಲು ಆತ ಪ್ರತಿದಿನ ಬೆಳಿಗ್ಗೆ ನಮ್ಮನ್ನು ಮುಕ್ಕಾಲು ಗಂಟೆ ನಿಲ್ಲಿಸುತ್ತಿದ್ದ. ಕೂತರೆ ಸಭೆ ಉದ್ದವಾಗುತ್ತದಂತೆ. ಆಮೇಲೆ ಹದಿನೈದು ನಿಮಿಷಕ್ಕೊಮ್ಮೆ ಏನು ಮಾಡಿದೆವೆಂದು ಪ್ರತಿಯೊಬ್ಬರೂ ಹಾಳೆಯಲ್ಲಿ ಬರೆಯಬೇಕು. ಬರೆಯಲು ಹಿಡಿದ ಹೊತ್ತನ್ನು ಎಲ್ಲಿ ಬರೆಯುವುದು ಎಂದು ಪಾಲಿಶ್ ಮಾಡುವ ಅಕ್ಕ ಕೇಳಿದಳು.

"ಅದು ನಿಮ್ಮ ಸ್ವಂತ ಸಮಯ" ಎಂದ ನಿಮಿಷರಾಯ, ಏನೋ ದಾನ ಕೊಟ್ಟವನ ಗತ್ತಿನಲ್ಲಿ.

ಹಾಳೆಗಳನ್ನೆಲ್ಲ ಒಟ್ಟು ಮಾಡಿ ಪಟ್ಟಿ ಬರೆಯುವ ಭಾಗ್ಯ ಮೇಲ್ವಿಚಾರಕನಾದ ನನ್ನ ಪಾಲಿಗೆ ಬಂತು. ಆ ಪಟ್ಟಿಯಲ್ಲಿ ನನ್ನ ಹೆಸರು ಇರಲಿಲ್ಲ. ಅಳೆಯುವವನನ್ನು ಯಾರು ಅಳೆಯಬೇಕು ಎಂಬ ಪಾಠ ತರಬೇತಿಯ ನಾಲ್ಕನೇ ದಿನಕ್ಕೆ ಇತ್ತೇನೋ.

ಒಂದು ಸೆಟ್ಟಿಗೆ ಹಲ್ಲು ಕೂರಿಸಲು ನಲವತ್ತು ನಿಮಿಷ ಎಂದು ನಿಗದಿಯಾಯಿತು. ಅದಕ್ಕೆಂದೇ ನಿಮಿಷರಾಯ 'ಮಾದರಿ ನಗು' ಎಂಬುದನ್ನು ತರಿಸಿದ. ಹಲ್ಲುಗಳು ಮೊದಲೇ ಸಾಲಾಗಿ ಅಂಟಿಕೊಂಡಿರುವ ಕಮಾನು ಅದು. ಮೇಣಕ್ಕೆ ಒತ್ತಿದರೆ ಮುಗಿಯಿತು. ದೊಡ್ಡದು, ನಡುವಿನದು, ಸಣ್ಣದು ಎಂದು ಮನುಷ್ಯಕುಲಕ್ಕೆಲ್ಲ ಮೂರೇ ನಗು. ಎರಡು ತಿಂಗಳು ಕಳೆಯುವಷ್ಟರಲ್ಲಿ ನಮ್ಮ ಬೀದಿಯ ನಿವೃತ್ತ ಪೋಸ್ಟ್‌ಮ್ಯಾನ್, ಲೆಕ್ಕದ ಮೇಷ್ಟ್ರು, ಮೇಷ್ಟ್ರ ಮುಖ ಕಂಡರಾಗದ ಅವರ ಅತ್ತಿಗೆ ಮೂವರೂ ಒಂದೇ ಥರ ನಗುತ್ತಿದ್ದರು. ಮೇಷ್ಟ್ರೂ ಅತ್ತಿಗೆಯೂ ಎದುರುಬದುರಾದಾಗ ಆ ನಗುವೂ ಮಾಯವಾಗುತ್ತಿತ್ತೆನ್ನಿ.

ಮಾದರಿ ನಗುವನ್ನು ಮುಟ್ಟದವರು ಒಬ್ಬರೇ. ನನ್ನ ಸೋದರಮಾವ, ಅಮ್ಮನ ಅಣ್ಣ. ಮೇಣ ಕಾಯಿಸುವುದರಿಂದ ಹಿಡಿದು ನನಗೆ ಈ ಕೆಲಸ ಕಲಿಸಿದವರು. ಮಾವ ಅಚ್ಚಿನ ಜೊತೆ ಒಂದು ಫೋಟೋ ಕೇಳುತ್ತಿದ್ದರು. ಹಲ್ಲು ಬೀಳುವುದಕ್ಕೆ ಮುಂಚಿನದು, ನಗುತ್ತಿರುವುದು. ಅದನ್ನು ಮೇಜಿನ ದೀಪಕ್ಕೆ ಒರಗಿಸಿ ಸುಮ್ಮನೆ ನೋಡುತ್ತ ಕೂರುತ್ತಿದ್ದರು. ಆಮೇಲೆ ಒಂದು ಹಲ್ಲನ್ನು ಕೂದಲೆಳೆಯಷ್ಟು ವಾರೆ ಮಾಡಿ, ಇನ್ನೊಂದನ್ನು ಪಕ್ಕದ್ದರ ಮೇಲೆ ಚೂರು ಹತ್ತಿಸಿ, ಮತ್ತೆ ನೋಡಿ, ಕಿತ್ತು, ಮತ್ತೆ ಕೂರಿಸುತ್ತಿದ್ದರು. ಒಂದು ಸೆಟ್ಟಿಗೆ ಎರಡು ದಿನ. ಅದನ್ನು ಹಾಕಿಕೊಂಡವರು ಕನ್ನಡಿ ನೋಡಿ ಅತ್ತರೆಂದು ವೈದ್ಯರು ಹೇಳಿ ಕಳಿಸುತ್ತಿದ್ದರು.

ಒಂದು ದಿನ ನಿಮಿಷರಾಯ ಮಾವನ ಬೆನ್ನ ಹಿಂದೆ ಬಂದು ನಿಂತ.

"ಏನ್ ಮಾಡ್ತಿದೀರಾ?"

"ಫೋಟೋ ನೋಡ್ತಿದೀನಿ ಸಾರ್."

"ಅದು ಕಾಣ್ತಿದೆ. ಕೆಲಸ ಯಾವಾಗ ಶುರು ಮಾಡ್ತೀರಾ?"

"ಶುರುವಾಗಿ ಒಂದು ಗಂಟೆ ಆಯ್ತಲ್ಲ."

"ಬಾಯಿಗೆ ಹಲ್ಲು ಮಾಡೋಕೆ ಮುಖ ಯಾಕ್ರೀ ನೋಡ್ಬೇಕು?"

ಮಾವ ನಿಜವಾಗಿಯೂ ಯೋಚಿಸಿ ಹೇಳಿದರು: "ಬಾಯಿ ಮುಖದಲ್ಲೇ ಇರೋದಲ್ವಾ ಸಾರ್."

ನಿಮಿಷರಾಯ ನನ್ನ ಕಡೆ ತಿರುಗಿದ. "ಇದನ್ನ ಖಾಲಿ ಸಮಯ ಅಂತ ಬರ್ಕೊಳ್ಳಿ." ಬರೆದುಕೊಂಡೆ.

ಆ ವಾರವೇ ಗೋಡೆಗೆ ಪ್ರಕಟಣೆ ಅಂಟಿತು. ತಿಂಗಳ ಕೊನೆಗೆ ಪಟ್ಟಿಯ ತಳದಲ್ಲಿರುವವರನ್ನು 'ಇನ್ನೂ ಒಳ್ಳೆಯ ಅವಕಾಶಗಳಿಗಾಗಿ ಬಿಡುಗಡೆ' ಮಾಡಲಾಗುವುದಂತೆ. ಅರವತ್ತು ಮುಟ್ಟಲಿದ್ದ ಮಾವನಿಗೆ ಇದಕ್ಕಿಂತ ಒಳ್ಳೆಯ ಅವಕಾಶ ಯಾವ ಲೋಕದಲ್ಲಿತ್ತೋ. ವಿಷಯ ತಿಳಿದ ಅಮ್ಮ, "ಅಣ್ಣನ್ನ ನೀನೇ ಕೈಯಾರೆ ಪಟ್ಟಿ ಬರೆದು ಮನೆಗೆ ಕಳಿಸ್ತೀಯೇನೋ?" ಎಂದಳು.

ಮಾವನನ್ನು ಬೇಡಿಕೊಂಡೆ. "ಒಂದು ತಿಂಗಳು ಮಾತ್ರ, ಆ ಕಮಾನು ಒತ್ತಿಬಿಡಿ ಮಾವ."

"ಚೀಟೀಲಿ ಹೆಸರು ಯಾರದ್ದು ಬರೀತೀಯಾ?"

"ನಿಮ್ದೇ."

"ಹಂಗಾದ್ರೆ ಆಗಲ್ಲ ಬಿಡು" ಎಂದು ಮೇಣ ಕಾಯಿಸುವ ದೀಪ ಹಚ್ಚಿದರು.

ಸರಿ, ಅವರ ಕೈಲಿ ಆಗದಿದ್ದರೆ ನನ್ನ ಕೈಯಿಲ್ಲವೇ? ನನ್ನ ಹೊತ್ತನ್ನು ಕೇಳುವವರೇ ಇರಲಿಲ್ಲ. ಹಿಂದಿನ ಕೋಣೆಯಲ್ಲಿ ಕೂತು ದಿನಕ್ಕೆ ಒಂದೆರಡು ಸೆಟ್ಟು ಮಾದರಿ ನಗು ಒತ್ತಿ, ಚೀಟಿಯ ಮೇಲೆ ಮಾವನ ಹೆಸರು ಬರೆದು ಕಳಿಸತೊಡಗಿದೆ. ಎಂಥ ಬುದ್ಧಿವಂತ ನಾನು! ತಿಂಗಳ ಕೊನೆಗೆ ಮಾವನನ್ನು ತಳದಿಂದ ಒಂದೆರಡು ಮೆಟ್ಟಿಲು ಮೇಲೆ ಹತ್ತಿಸೋಣ ಎಂದುಕೊಂಡಿದ್ದೆ. ಹೆದರಿಕೆಯಲ್ಲಿ ಕೈ ಎಷ್ಟು ಓಡಿತೆಂದರೆ, ಐವತ್ತು ಸೆಟ್ಟು ದಾಟಿ, ವಸಡು ಕಟ್ಟುವುದೂ ಸೇರಿ ದಿನಕ್ಕೆ ಒಂದೂವರೆ ಸೆಟ್ಟು ಮುಗಿಸುತ್ತಿದ್ದ ಉಳಿದವರನ್ನೆಲ್ಲ ಹಿಂದೆ ಹಾಕಿ, ಅವರು ಪಟ್ಟಿಯ ಮೇಲ್ತುದಿಗೇ ಹೋಗಿ ಕೂತರು.

ಕೊನೆಯ ದಿನ ಬೆಳಗಿನ ಸಭೆಯಲ್ಲಿ ನಿಮಿಷರಾಯ ಮಾವನ ಹೆಸರು ಕೂಗಿ ಚಪ್ಪಾಳೆ ತಟ್ಟಿಸಿದ. "ನೋಡಿ, ಮನಸ್ಸು ಮಾಡಿದ್ರೆ ಈ ವಯಸ್ಸಲ್ಲೂ ಬದಲಾಗಬಹುದು!" ಮಾವ ಮೊದಲು ಅವನನ್ನು ನೋಡಿದರು, ಆಮೇಲೆ ನನ್ನನ್ನು. ನಾನು ಛಾವಣಿಯ ಫ್ಯಾನು ಎಷ್ಟು ಚೆನ್ನಾಗಿ ತಿರುಗುತ್ತಿದೆ ಎಂದು ನೋಡುತ್ತಿದ್ದೆ.

ಮಧ್ಯಾಹ್ನ ಒಬ್ಬ ಅಜ್ಜಿ ವೈದ್ಯರ ಮಾತನ್ನೂ ಕೇಳದೆ ನೇರ ಕೆಲಸದ ಕೋಣೆಗೇ ಬಂದರು. ಒಂದು ಕೈಯಲ್ಲಿ ಕರವಸ್ತ್ರದಲ್ಲಿ ಸುತ್ತಿದ ಹಲ್ಲಿನ ಸೆಟ್ಟು, ಇನ್ನೊಂದರಲ್ಲಿ ಚೀಟಿ. ಮಾವನ ಹೆಸರು ಓದಿ ಇವರು ಯಾರು ಎಂದು ಕೇಳಿದರು. ಮಾವ ಎದ್ದು ನಿಂತರು.

"ನಮ್ಮ ಯಜಮಾನ್ರಿಗೆ ನೀವೇ ಮಾಡಿದ್ರಂತೆ. ಸಾಯೋ ತನಕ ಅವರು ಅವರ ಥರಾನೇ ನಕ್ಕರು. ಅದಕ್ಕೇ ಇವರೇ ಮಾಡ್ಬೇಕು ಅಂತ ಹಟ ಹಿಡಿದು ಕಾದೆ. ಇದೇನಪ್ಪಾ ಇದು? ಮೊಮ್ಮಗಳು ನೋಡಿ, ಅಜ್ಜೀ ಯಾರ ಹಲ್ಲು ಹಾಕ್ಕೊಂಡಿದೀಯ ಅಂದ್ಳು."

ಮಾವ ಸೆಟ್ಟನ್ನು ಬೆಳಕಿಗೆ ಹಿಡಿದು ತಿರುಗಿಸಿದರು. ವಸಡು ಕೆತ್ತಿದ ರೀತಿ, ಅಂಚು ನುಣುಪು ಮಾಡಿದ ರೀತಿ ಎಲ್ಲ ಅವರೇ ಕಲಿಸಿದ್ದು. ಯಾರ ಕೈ ಎಂದು ತಿಳಿಯಲು ಅವರಿಗೆ ಅರೆಗಳಿಗೆಯೂ ಬೇಕಾಗಲಿಲ್ಲ. ಬಾಗಿಲಲ್ಲಿ ನಿಮಿಷರಾಯ ನಿಂತಿದ್ದ. ಮಾವ ಒಂದು ಮಾತು ಆಡಿದ್ದರೆ ಸುಳ್ಳು ಪಟ್ಟಿ ಬರೆದವನ ಕೆಲಸ ಅಲ್ಲಿಗೇ ಮುಗಿಯುತ್ತಿತ್ತು.

"ಹೌದಮ್ಮ, ನಾನೇ ಮಾಡಿದ್ದು" ಎಂದರು ಮಾವ. "ತಪ್ಪಾಗಿದೆ. ನಿಮ್ಮದೊಂದು ಹಳೇ ಫೋಟೋ ಇದ್ರೆ ಕೊಡಿ."

ನನಗೆ ನೆಲ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತು. ನಿಮಿಷರಾಯನಿಗೆ ಅಂಥದ್ದೇನೂ ಅನ್ನಿಸಲಿಲ್ಲ. "ಐವತ್ತಕ್ಕೆ ಒಂದು ದೂರು. ಏನೂ ತೊಂದ್ರೆ ಇಲ್ಲ, ಮಿತಿಯೊಳಗೇ ಇದೆ" ಎಂದು ಮಾವನ ಬೆನ್ನು ತಟ್ಟಿ ಹೋದ. ಮಾವನ ಕೆಲಸ ಇಷ್ಟು ಭದ್ರವಾಗಿ ಹಿಂದೆಂದೂ ಇರಲಿಲ್ಲ.

ಮಾವ ಎರಡು ದಿನ ತೆಗೆದುಕೊಂಡರು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಸೆಟ್ಟು ಮುಗಿದಾಗ ನನ್ನ ಮುಂದಿಟ್ಟು, "ಚೀಟಿ ಬರಿ. ನಿನ್ನ ಹೆಸರು" ಎಂದರು.

"ಮಾವ, ಇದು ನೀವು..."

"ನೀನು ಮಾಡಿದ್ದು ಐವತ್ತು ಬಾಯಿಗೆ ನನ್ನ ಹೆಸರಲ್ಲಿ ಹೋಗಿದೆ. ನಾನು ಮಾಡಿದ್ದು ಒಂದಾದ್ರೂ ನಿನ್ನ ಹೆಸರಲ್ಲಿ ಹೋಗ್ಲಿ. ನನ್ನ ಹೆಸರಿಗೆ ಇನ್ನು ಇಲ್ಲೇನು ಕೆಲಸ ಇದೆಯೋ?"

ಮೇಣದ ಚಾಕು ಒರೆಸಿ ಜೇಬಿಗೆ ಹಾಕಿಕೊಂಡು ಹೊರಟೇ ಹೋದರು. ಮರುದಿನ ಅವರ ಫೋಟೋ ಗೋಡೆ ಮೇಲೆ ಬಂತು, ಕೆಳಗೆ 'ತಿಂಗಳ ಅತಿ ಚುರುಕು ಕೆಲಸಗಾರ' ಎಂದು. ಅವರು ಕೆಲಸ ಬಿಟ್ಟಿರುವುದು ನಿಮಿಷರಾಯನಿಗೆ ತಿಳಿದದ್ದು ಮೂರು ದಿನದ ನಂತರ, ಅವರ ಹಾಳೆ ಖಾಲಿ ಇದ್ದುದರಿಂದ.

ಮುಂದಿನ ವಾರ ಆ ಅಜ್ಜಿ ಚೀಟಿಯಲ್ಲಿದ್ದ ನನ್ನ ಹೆಸರು ಕೇಳಿಕೊಂಡು ಮತ್ತೆ ಬಂದರು, ಜೊತೆಯಲ್ಲಿ ತಂಗಿಯನ್ನು ಕರೆದುಕೊಂಡು. ಬಾಗಿಲಲ್ಲೇ ನಕ್ಕರು. ಮುಂದಿನ ಹಲ್ಲೊಂದು ಪಕ್ಕದ್ದರ ಮೇಲೆ ತುಂಟತನದಿಂದ ಹತ್ತಿ ಕೂತಿತ್ತು. ಎಪ್ಪತ್ತರ ಆ ಮುಖದಲ್ಲಿ ಇಪ್ಪತ್ತರ ಹುಡುಗಿ ಇಣುಕಿದಂತಾಯಿತು.

"ಇವರೇ ಕಣೇ" ಎಂದು ತಂಗಿಗೆ ಹೇಳಿ ನನ್ನ ಎರಡೂ ಕೈ ಹಿಡಿದುಕೊಂಡರು. "ಈ ಕೈ ತಣ್ಣಗಿರಲಿ ಮಗಾ. ಇವಳದ್ದೂ ನೀನೇ ಮಾಡಿಕೊಡ್ಬೇಕು." ನನ್ನ ಅಂಗೈಯಲ್ಲಿ ಒಂದು ಹಳೆಯ ಫೋಟೋ ಇಟ್ಟರು.

ಅವರು ಹೋದ ಮೇಲೆ ಫೋಟೋವನ್ನು ದೀಪಕ್ಕೆ ಒರಗಿಸಿ ಕೂತೆ. ಚೆಂದದ ಹೆಂಗಸು, ನಗುತ್ತಿದ್ದಳು, ಅಷ್ಟೇ ಕಂಡಿತು. ಮಾವ ಅಷ್ಟು ಹೊತ್ತು ಏನು ನೋಡುತ್ತಿದ್ದರೆಂದು ನಾನು ಒಂದು ದಿನವೂ ಕೇಳಿರಲಿಲ್ಲ. ಎಷ್ಟು ಹೊತ್ತು ನೋಡಿದರೆಂದು ಮಾತ್ರ ಬರೆದುಕೊಂಡಿದ್ದೆ.