ಬಿದಿರಿನ ನೆಲ ಸಾರಿಸಿದ್ದು

ನಾನು ಬಾಯಿ ಜೋರಿನವಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಬೇರೆಯವರು ಹೇಳುವುದಕ್ಕಿಂತ ನಾನೇ ಹೇಳಿಕೊಳ್ಳುವುದು ಮೇಲು.

ನನ್ನ ಗಂಡ ನಾಗೇಂದ್ರ ಲೈನ್‌ಮನ್. ಆಚೆ ವರ್ಷ ದೀಪಾವಳಿಗೆ ನಾಲ್ಕು ದಿನವಿರುವಾಗ ಕೆಳದಿ ರಸ್ತೆಯಲ್ಲಿ ಕಂಬದಿಂದ ಬಿದ್ದರು. ಸೊಂಟದ ಮೂಳೆ ಮುರಿಯಿತು. ಎರಡು ಆಪರೇಷನ್ ಆಗಿ, ಮಳೆ ಹಿಡಿಯುವ ಹೊತ್ತಿಗೆ ವಾಕರ್ ಹಿಡಿದು ನಿಲ್ಲುವಷ್ಟಾದರು. ಆದರೆ ಸಾಗರದ ನಮ್ಮ ಮನೆಗೆ ಹಾಕಿದ್ದು ಮುಖ ಕಾಣುವಂಥ ಟೈಲ್ಸ್. ಮಳೆಗಾಲದಲ್ಲಿ ಅದು ಬೆವರುತ್ತದೆ. ಫಿಸಿಯೋಥೆರಪಿ ಮಾಡಿಸಲು ಬರುತ್ತಿದ್ದ ಶ್ರಾವ್ಯಾ ಎಂಬ ಹುಡುಗಿ, ಇದರ ಮೇಲೆ ಇವರನ್ನು ನಡೆಸಲು ನನಗೆ ಧೈರ್ಯವಿಲ್ಲ, ಜಾರದ ನೆಲ ಮಾಡಿಸಿ ಎಂದಳು. ಈ ವರ್ಷದೊಳಗೆ ನಡೆದರೆ ನಡೆದ ಹಾಗೆ, ಇಲ್ಲವಾದರೆ ಮಾಂಸವೆಲ್ಲ ಕರಗಿ ಕಾಲು ಸೋಲುತ್ತದೆ ಎಂದೂ ಹೇಳಿದಳು.

ಹಾಗೆ ಬಂದದ್ದು ಬಿದಿರಿನ ನೆಲ. ಹೊಸನಗರದಲ್ಲಿ ಮೈದುನನ ಮನೆಯಲ್ಲಿರುವ ನನ್ನ ಅತ್ತೆ ಶೇಷಮ್ಮನಿಗೆ ಸುದ್ದಿ ಕೇಳಿಯೇ ಸರಿಬರಲಿಲ್ಲ. ಬಿದಿರಿನ ಮೇಲೆ ಮನುಷ್ಯ ಮಲಗುವುದು ಒಂದೇ ಸಲ, ಅದನ್ನು ಮನೆ ತುಂಬ ಹಾಸುತ್ತೀಯಲ್ಲೇ ಎಂದು ಫೋನಿನಲ್ಲಿ ಗೋಳಾಡಿದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಹಾಕಿದವನು ತೀರ್ಥಹಳ್ಳಿಯ ಪೂರ್ಣೇಶ್. ಹಲಗೆಯ ಪೆಟ್ಟಿಗೆಗಳನ್ನು ಬಿಚ್ಚಿ ಮೂರು ದಿನ ನಡುಮನೆಯಲ್ಲೇ ಬಿಟ್ಟ. ಮನೆಯ ಹವೆಗೆ ಹಲಗೆ ಒಗ್ಗಬೇಕಂತೆ. ಆಮೇಲೆ ಗೋಡೆಯ ಸುತ್ತ ಬೆರಳು ಹೋಗುವಷ್ಟು ಸಂದು ಬಿಟ್ಟು, ಕೆಳಗೆ ಫೋಮ್ ಹಾಸಿ, ಒಂದಕ್ಕೊಂದು ಸಿಕ್ಕಿಸುತ್ತ ಹೋದ. ಹೊರಡುವಾಗ ಪಾಠ ಹೇಳಿದ: ಒಣ ಬಟ್ಟೆಯಲ್ಲಿ ಒರೆಸಿ, ಬೇಕೆನಿಸಿದರೆ ಚೆನ್ನಾಗಿ ಹಿಂಡಿದ ಬಟ್ಟೆ. ಫಿನಾಯಿಲ್ ಬೇಡ, ಎಣ್ಣೆ ಬೇಡ. ಕುರ್ಚಿ ಕಾಲಿಗೆ ಬಟ್ಟೆ ಅಂಟಿಸಿ. ನೀರು ಚೆಲ್ಲಿದರೆ ಆ ಕ್ಷಣವೇ ಒರೆಸಿ, ನೀರು ನಿಂತರೆ ಹಲಗೆ ಉಬ್ಬಿ ಅಂಚು ಏಳುತ್ತದೆ.

ಅವತ್ತಿನಿಂದ ನಾನು ಆ ನೆಲದ ಪೊಲೀಸಾದೆ. ಛತ್ರಿಯನ್ನು ಗೇಟಿನಲ್ಲೇ ಇಡಿಸಿದೆ. ಚೊಂಬು ಹಿಡಿದವರ ಬೆನ್ನ ಹಿಂದೆಯೇ ಬಟ್ಟೆ ಹಿಡಿದು ನಡೆದೆ. ನೋಡಲು ಬಂದ ನಾದಿನಿ ಸುಮನಾಳ ಕೈಯಿಂದ ಕಾಫಿ ಚೆಲ್ಲಿದಾಗ ಅವಳು ಅಳುವಷ್ಟು ಬೈದೆ. ಪಾಪ, ಊಟ ಕೂಡ ಮಾಡದೆ ಹೋದಳು.

ಆದರೆ ನನ್ನ ಗಂಡ ನಡೆದರು. ಆಗಸ್ಟಿನಲ್ಲಿ ಮಂಚದಿಂದ ಬಾಗಿಲವರೆಗೆ, ಸೆಪ್ಟೆಂಬರಿನಲ್ಲಿ ನಡುಮನೆ ದಾಟಿ ಕಿಟಕಿಯವರೆಗೆ. ಬರಿಗಾಲಿಗೆ ಬೆಚ್ಚಗಿದೆ ಮಾರಾಯ್ತಿ ಎನ್ನುತ್ತಿದ್ದರು. ಹನ್ನೊಂದು ತಿಂಗಳ ಮೇಲೆ ಅವರ ಮುಖದಲ್ಲಿ ನಗು ಕಂಡು ನಾನು ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ.

ಅಷ್ಟರಲ್ಲಿ ಭೂಮಿ ಹುಣ್ಣಿಮೆ ಬಂತು. ನಮ್ಮ ದೀವರ ಜನರಲ್ಲಿ ಅದು ದೊಡ್ಡ ಹಬ್ಬ. ಬುಟ್ಟಿಗೆ ಸಗಣಿ, ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನಲ್ಲಿ ಚಿತ್ತಾರ ಬರೆದು, ಅದರಲ್ಲಿ ಭೂಮಿತಾಯಿಗೆ ಬಡಿಸುವ ಅಡುಗೆ ತುಂಬಿ ನಸುಕಿನಲ್ಲಿ ಗದ್ದೆಗೆ ಒಯ್ಯುತ್ತೇವೆ. ನಮ್ಮ ಮನೆತನದಲ್ಲಿ ಆ ಬುಟ್ಟಿಯನ್ನು ಸಾರಿಸಿದ ನೆಲದ ಮೇಲಲ್ಲದೆ ಇಡುವುದಿಲ್ಲ. ಅತ್ತೆ ಫೋನ್ ಮಾಡಿ, ಅಂಗೈಯಗಲವಾದರೂ ಸಾರಿಸು ಎಂದು ಕೇಳಿಕೊಂಡರು. ನಿಮ್ಮ ಮಗ ನಡೆಯುವುದು ಬೇಕೋ ನಿಮಗೆ ಸಗಣಿ ಬೇಕೋ ಎಂದು ರೇಗಿದೆ. ಸ್ಪೀಕರ್ ಹಾಕಿದ್ದೆ, ಇವರೂ ಕೇಳಿಸಿಕೊಂಡರು.

ಹಬ್ಬದ ಮುಂಚಿನ ಸಂಜೆ ಚಿತ್ತಾರ ಮುಗಿಸಿ ಬುಟ್ಟಿಯನ್ನು ಮಣೆಯ ಮೇಲಿಟ್ಟೆ. ಇಟ್ಟವಳಿಗೆ ಒಮ್ಮೆಲೇ ಹೆದರಿಕೆಯಾಯಿತು. ಅದರ ಹಿಂದಿನ ವರ್ಷ ಸೋಮಾರಿತನಕ್ಕೆ ನಾನು ಬುಟ್ಟಿಯನ್ನೇ ಬರೆದಿರಲಿಲ್ಲ. ಹನ್ನೊಂದು ದಿನಕ್ಕೆ ಇವರು ಕಂಬದಿಂದ ಬಿದ್ದರು. ಈ ಲೆಕ್ಕವನ್ನು ನಾನು ಯಾರಿಗೂ ಹೇಳಿರಲಿಲ್ಲ.

ಇವರು ಕೋಣೆಯಲ್ಲಿದ್ದರು. ಪಕ್ಕದ ಮನೆಯ ಕೊಟ್ಟಿಗೆಯಿಂದ ಸಗಣಿ ತಂದು, ಕಿಟಕಿಯ ಕೆಳಗೆ ಎರಡು ಮೊಳ ಜಾಗ ನೀರು ಚಿಮುಕಿಸಿ ಕೈಯಾರೆ ಸಾರಿಸಿದೆ. ಬುಟ್ಟಿ ಇಟ್ಟು ದೀಪ ಹಚ್ಚಿದೆ. ನಸುಕಿನಲ್ಲಿ ಮೈದುನ ಸಚಿನ್ ಕಾರು ತಂದು ಬೀದಿಯಿಂದಲೇ ಹಾರ್ನ್ ಹೊಡೆಯುವ ಮೊದಲೇ ಎಲ್ಲ ಬಳಿದು ತೆಗೆದಿದ್ದೆ. ಒಂದು ಗುರುತೂ ಉಳಿಯಲಿಲ್ಲ. ಮನಸ್ಸು ಹಗುರವಾಗಿತ್ತು.

ಎರಡು ದಿನದಲ್ಲಿ ಹಲಗೆಗಳ ಅಂಚು ಎದ್ದಿತು. ಹೆಚ್ಚೇನಲ್ಲ, ಉಗುರಿನ ದಪ್ಪ. ಪೂರ್ಣೇಶನಿಗೆ ಒಂದು ಫೋನ್ ಮಾಡಿದ್ದರೆ ಮುಗಿಯುತ್ತಿತ್ತು. ಮಾಡಿದರೆ ಇವರಿಗೆ ತಿಳಿಯುತ್ತದೆ, ಸುಮನಾಳಿಗೆ ತಿಳಿಯುತ್ತದೆ, ಅತ್ತೆಗೆ ತಿಳಿಯುತ್ತದೆ. ಊರಿಗೆಲ್ಲ ಬೈದವಳು ನಾನು. ತೆಳುವಾದ ಜಮಖಾನೆಯೊಂದನ್ನು ಅದರ ಮೇಲೆ ಹಾಸಿದೆ. ಬಿಸಿಲು ಬಿದ್ದರೆ ತಾನೇ ಕೂರುತ್ತದೆ ಎಂದುಕೊಂಡೆ.

ಮರುದಿನ ಬೆಳಿಗ್ಗೆ ನಾನು ಒಲೆಯ ಮುಂದಿದ್ದೆ. ಕಾಯದೆ ಇವರೊಬ್ಬರೇ ಎದ್ದು ಕಿಟಕಿಯವರೆಗೆ ನಡೆದಿದ್ದಾರೆ. ಜಮಖಾನೆಯಡಿಯ ಅಂಚಿಗೆ ವಾಕರಿನ ಕಾಲು ಸಿಕ್ಕಿ ಮುಗ್ಗರಿಸಿದ್ದಾರೆ. ಬಿದ್ದ ಸದ್ದು ಕೇಳಿ ಓಡಿದೆ. ಅವರು ಬಿದ್ದಲ್ಲೇ ತಮ್ಮ ಎಡಗಾಲನ್ನು ನೋಡುತ್ತಿದ್ದರು.

ಮೂಳೆಗೆ ಏನೂ ಆಗಿರಲಿಲ್ಲ. ಎರಡು ದಿನ ಆಸ್ಪತ್ರೆಯಲ್ಲಿಟ್ಟುಕೊಂಡರು. ಆ ಎರಡು ದಿನದಲ್ಲಿ ನಾನು ಪೂರ್ಣೇಶನನ್ನು ಕರೆಸಿದೆ. ಉಳಿದಿದ್ದ ಪೆಟ್ಟಿಗೆಯಿಂದ ಹೊಸ ಹಲಗೆ ತೆಗೆದು ಹಾಕಿದ. ಹಳೆಯವನ್ನು ಬಚ್ಚಲೊಲೆಗೆ ಹಾಕಿ ಸುಟ್ಟೆ. ಯಾರೇ ಕೇಳಿದರೂ ನೆಲ ಸರಿಯಿತ್ತು ಅಂತಲೇ ಹೇಳಬೇಕು ಎಂದು ಅವನಿಂದ ಮಾತು ತೆಗೆದುಕೊಂಡೆ.

ಮನೆಗೆ ಬಂದ ಮೇಲೆ ಇವರು ಮತ್ತೆ ಎದ್ದು ನಿಲ್ಲಲಿಲ್ಲ. ದೀಪಾವಳಿ ಹೋಯಿತು, ಸಂಕ್ರಾಂತಿ ಹೋಯಿತು. ಇಷ್ಟು ಒಳ್ಳೆಯ ನೆಲದ ಮೇಲೂ ಬಿದ್ದೆನಲ್ಲ, ನನ್ನ ಕಾಲಿನದೇ ಕತೆ ಮುಗಿದಿದೆ ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ತೊಡೆ ಕಡ್ಡಿಯಾಗುತ್ತ ಬಂತು. ಒಂದು ದಿನ ಶ್ರಾವ್ಯಾ ನನ್ನನ್ನು ಜಗಲಿಗೆ ಕರೆದು ಹೇಳಿದಳು: "ಅಕ್ಕ, ಕಾಲು ಸರಿ ಇದೆ. ಅವ್ರಿಗೆ ಕಾಲಿನ ಮೇಲೆ ನಂಬಿಕೆ ಹೋಗಿದೆ. ಇನ್ನೊಂದು ತಿಂಗಳು ಹೀಗೇ ಮಲಗಿದ್ರೆ ನಾನು ಬಂದೂ ಪ್ರಯೋಜನ ಇಲ್ಲ."

ಆ ನಂಬಿಕೆ ನನ್ನ ಬಾಯಲ್ಲಿತ್ತು. ಮೂರು ದಿನ ಒದ್ದಾಡಿದೆ. ನಾಲ್ಕನೆಯ ದಿನ ಊಟದ ತಟ್ಟೆ ತೆಗೆದು, ಮಂಚದ ಕೆಳಗೆ ಕೂತು, ಸಗಣಿಯಿಂದ ಬಚ್ಚಲೊಲೆಯವರೆಗೆ ಎಲ್ಲವನ್ನೂ ಹೇಳಿದೆ. ಬಿದ್ದದ್ದು ನಿಮ್ಮ ಕಾಲಿನಿಂದಲ್ಲ, ನನ್ನಿಂದ ಎಂದೆ.

ಅವರು ನನ್ನ ತಲೆಯ ಮೇಲೆ ಕೈಯಿಟ್ಟರು.

"ನೀನು? ಸಗಣಿ ಹಾಕಿದ್ಯಾ? ಅವ್ವ ಕೇಳಿದ್ದಕ್ಕೇ ಹೇಗೆ ಬೈದೆ ಅಂತ ನಾನೇ ಕೇಳಿದೀನಲ್ಲೇ."

ದೇವರಾಣೆ ಎಂದೆ. ಪೂರ್ಣೇಶನನ್ನೇ ಕೇಳಿ ಎಂದು ಫೋನ್ ಹಚ್ಚಿ, ಸ್ಪೀಕರ್ ಹಾಕಿ ಕೈಗೆ ಕೊಟ್ಟೆ. ನೆಲದ ಹಲಗೆ ಎದ್ದಿತ್ತೇನೋ ಎಂದು ಇವರು ಕೇಳಿದರು.

"ಇಲ್ಲಣ್ಣ," ಎಂದ ಪೂರ್ಣೇಶ್. "ನೆಲ ಸರಿಯಾಗೇ ಇತ್ತು."

ನಿಜ ಹೇಳೋ ಎಂದು ನಾನು ಪಕ್ಕದಿಂದ ಕೂಗಿದೆ. ಅವನು ತಡವರಿಸಿ, ಹೌದಣ್ಣ, ಸ್ವಲ್ಪ ಎದ್ದಿತ್ತು, ನಾನೇ ಬದಲಾಯಿಸಿದ್ದು ಎಂದ. ಇವರು ಫೋನ್ ಕಟ್ ಮಾಡಿದರು. ಸಿಟ್ಟಿರಲಿಲ್ಲ. ಸಿಟ್ಟು ಬಂದಿದ್ದರೆ ನಾನು ಬದುಕುತ್ತಿದ್ದೆ.

"ಪಾಪ, ಅವನ ಬಾಯಲ್ಲೂ ಯಾಕೆ ಸುಳ್ಳು ಹೇಳಿಸ್ತೀಯ ಪ್ರತಿಮಾ," ಎಂದರು. "ನನ್ನ ಸಲುವಾಗಿ ಇಷ್ಟೆಲ್ಲ ಮಾಡ್ತೀಯ, ನಂಗೊತ್ತಾಗುತ್ತೆ. ಸಾಕು. ಆ ವಾಕರ್ ಕಣ್ಣೆದುರು ಬೇಡ, ಅಟ್ಟಕ್ಕೆ ಹಾಕಿಬಿಡು."

ಎಷ್ಟು ಹೇಳಿದರೂ ಆ ಕಡೆ ಹೊರಳಿ ಮಲಗಿದವರು ಈ ಕಡೆ ತಿರುಗಲಿಲ್ಲ. ನಾನು ವಾಕರನ್ನು ಎತ್ತಿಕೊಂಡು ಹೋಗಿ ಅಟ್ಟಕ್ಕೆ ಹಾಕಿ ಬಂದೆ.