ಅಣ್ಣ ಕೈ ನೀಡಿದ್ದು

ನಮ್ಮಣ್ಣ ಕಮಲಾಕ್ಷನ ಹಟ ನಿಮಗೆ ಗೊತ್ತಿಲ್ಲ. ಎರಡೂ ಕಿಡ್ನಿ ಕೈಕೊಟ್ಟಿವೆ, ಡಯಾಲಿಸಿಸ್‌ಗೆಂದು ಡೊಂಬಿವಲಿಯಿಂದ ಕಲ್ಯಾಣಕ್ಕೆ ಓಡಾಡಿ ಸೊರಗಿ ಕಡ್ಡಿಯಾಗಿದ್ದಾನೆ. ಆದರೂ ಹೆಂಡತಿ ಕೊಡುತ್ತೇನೆಂದ ಕಿಡ್ನಿ ಬೇಡವಂತೆ! ಅತ್ತಿಗೆಯದು ಹೊಂದುತ್ತದೆಂದು ಡಾಕ್ಟರು ಹೇಳಿಯಾಗಿದೆ. ಬೆಳಗಾದರೆ ಇಬ್ಬರೂ ಕಾಮೋಠೆಯ ಆಸ್ಪತ್ರೆಗೆ ಸೇರಬೇಕು. ಈಗ ಇವನ ತಕರಾರು.

ಶಹಾಡ್ ಸ್ಟೇಷನ್ನಿನ ಹತ್ತಿರದ ನಮ್ಮ ಹೋಟೆಲಿನಲ್ಲಿ ಶುಕ್ರವಾರ ಬಂತೆಂದರೆ ಕಾರ್ಖಾನೆಯ ಕೂಲಿಯವರಿಗೆ ಪುಕ್ಕಟೆ ಊಟ. ಅಣ್ಣ ಗಲ್ಲಾದಲ್ಲಿ ಕೂತೇ ನೋಡುತ್ತಾನೆ, ಎದ್ದು ಬರುವುದಿಲ್ಲ. ದಾನವೆಂದರೆ ಅವನ ಲೆಕ್ಕದಲ್ಲಿ ದೊಡ್ಡವರಿಂದ ಸಣ್ಣವರಿಗೆ ಹೋಗುವಂಥದ್ದು.

“ನಾನು ಕೊಟ್ಟವ, ಜ್ಯೋತಿ. ಕೈಚಾಚಿದವ ಅಲ್ಲ. ಹೆಂಡ್ತಿಯಿಂದ ದಾನ ತಕ್ಕೊಂಡು ಬದುಕ್ಲಿಕ್ಕುಂಟಾ?” ಎಂದ ನನ್ನತ್ತ ತಿರುಗಿ.

“ಪಪ್ಪಾ, ಜಿದ್ ಮತ್ ಕರೋ ನಾ,” ಎಂದು ಹಟ ಬಿಡುವಂತೆ ಗೋಗರೆದು ಮಗಳು ನಿಶಾ ಅತ್ತಳು. ನನಗೆ ಪಿತ್ತ ನೆತ್ತಿಗೇರಿ, “ಹಾಗಾದ್ರೆ ಸಾಯಿ ಮಾರಾಯ,” ಎಂದೂ ಬಿಟ್ಟೆ.

ಶ್ರೀಮತಿ ಅತ್ತಿಗೆ ಎದ್ದುಹೋಗಿ ಸ್ನಾನ ಮಾಡಿ ಬಂದಳು. ಕೈಯಲ್ಲಿ ನೀರಿನ ತಂಬಿಗೆ, ಬಾಲ್ಕನಿಯ ಕುಂಡದಿಂದ ಕಿತ್ತ ತುಳಸಿ, ಒಂದು ನಾಣ್ಯ. ಕುರ್ಚಿಯಲ್ಲಿದ್ದ ಅಣ್ಣನ ಮುಂದೆ ಮೊಣಕಾಲೂರಿ, ಹಣೆ ನೆಲಕ್ಕೆ ತಾಗುವಂತೆ ನಮಸ್ಕರಿಸಿದಳು.

“ಎಂತ ಇದು?” ಅಣ್ಣ ಕಾಲು ಹಿಂದಕ್ಕೆಳೆದುಕೊಂಡ.

“ನನ್ನಪ್ಪ ಪುರೋಹಿತರಲ್ವಾ? ಜನ ದಾನ ಕೊಡುದನ್ನು ನೋಡಿಯೇ ಬೆಳೆದವಳು ನಾನು. ಕೊಡುವವರು ಮೊದಲು ಕಾಲಿಗೆ ಬೀಳ್ಬೇಕು. ತಕ್ಕೊಳ್ಳಿ ಅಂತ ಬೇಡ್ಬೇಕು. ತಕ್ಕೊಂಡದ್ದಕ್ಕೆ ಮೇಲಿಂದ ದಕ್ಷಿಣೆ ಕೊಡ್ಬೇಕು. ನೀರು ಬಿಟ್ಟ ಮೇಲೆ ಅದು ನಂದಲ್ಲ, ಕೊಟ್ಟೆ ಅಂತ ಹೇಳಿಕೊಳ್ಳುವ ಹಾಗೂ ಇಲ್ಲ. ಅದಕ್ಕೆ ದಾನ ಅನ್ನುದು. ಬೇಡ್ತಾ ಇರುದು ನಾನು. ಕೈ ನೀಡಿ.”

ಸ್ವಂತ ಹೊಟ್ಟೆ ಕುಯ್ಯಿಸಿಕೊಂಡು ಕೊಡುವ ಹೆಂಗಸು ಬೇಡುವವಳಾಗಿ ನೆಲದ ಮೇಲೆ ಕೂತಿದ್ದಾಳೆ! ನನ್ನೊಂದಿಗೆ ಒಂದೇ ಅಡುಗೆಮನೆಯಲ್ಲಿ ಒಗ್ಗರಣೆ ಹಾಕಿಕೊಂಡಿದ್ದ ಈ ಅತ್ತಿಗೆ ಇಷ್ಟು ದೊಡ್ಡವಳೇ?

ಅಣ್ಣ ಕುರ್ಚಿಯಿಂದ ಹೆಂಡತಿಯತ್ತ ಬಾಗಿದ. ಆಮೇಲೆ ಬಲಗೈ ನೀಡಿದ. ಅತ್ತಿಗೆ ಅಂಗೈಯಲ್ಲಿ ತುಳಸಿಯಿಟ್ಟು ನೀರು ಬಿಟ್ಟಳು, ನಾಣ್ಯವನ್ನೂ ಇಟ್ಟಳು.

“ಈಗ ನಾನು ಎಂತ ಹೇಳ್ಬೇಕು ಶ್ರೀಮತಿ?” ಅಣ್ಣನ ದನಿ ಅಷ್ಟು ಸಣ್ಣಗಾದದ್ದನ್ನು ನಾನು ಕೇಳಿದ್ದೇ ಇಲ್ಲ. “ನಂಗೆ ಗೊತ್ತಿಲ್ಲ.”

“ತಕ್ಕೊಂಡೆ ಅಂತ ಹೇಳಿ, ಸಾಕು.”

“ತಕ್ಕೊಂಡೆ,” ಎಂದ ಅಣ್ಣ.